ಚೀಲದ ತೂಕ ಕಳೆಯದೆ ಅಡಿಕೆ ತೂಗ್ತೀರಾ?

(1/9)

ಚನ್ನಗಿರಿ ಕಡೆಯ ಯಾರನ್ನಾದರೂ ಕೇಳಿ ನೋಡಿ: ಅಡಿಕೆ ಚೀಲ ತಕ್ಕಡಿ ಮೇಲಿಟ್ಟಾಗ ಬರೋ ನಂಬರ್ ಪೂರ್ತಿ ಅಡಿಕೆಯದ್ದಾ? "ಅಲ್ಲ, ಚೀಲದ ತೂಕ ಕಳೀಬೇಕು" ಅಂತಾರೆ. ಇದನ್ನ ಯಾವ ಇಂಜಿನಿಯರಿಂಗ್ ಕಾಲೇಜೂ ಕಲಿಸಿಲ್ಲ. ದುಡ್ಡಿನ ವಿಷಯ, ಹಾಗಾಗಿ ತಾನಾಗೇ ಗೊತ್ತಿದೆ.

ಅದೇ ಮನೆಯ ಮಕ್ಕಳು ನಾವು ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ಬರ್ತೀವಿ. ಎಲ್‌ಸಿಆರ್ ಮೀಟರಿನ ಎರಡು ಕ್ಲಿಪ್ ನಡುವೆ ಒಂದು ಪುಟಾಣಿ ಎಸ್‌ಎಂಡಿ ಕೆಪಾಸಿಟರ್ ಹಿಡೀತೀವಿ. ತೆರೆ ಮೇಲೆ ಬಂದ ನಂಬರ್ ಹಾಗೇ ರೆಕಾರ್ಡಿಗೆ ಬರೀತೀವಿ. ಚೀಲ ಕಳೆಯೋದೇ ಇಲ್ಲ!

ಇಲ್ಲಿ ಚೀಲ ಅಂದ್ರೆ ಮೀಟರಿಗೂ ಕಾಂಪೊನೆಂಟಿಗೂ ನಡುವೆ ಇರೋದೆಲ್ಲ: ವೈರು, ಕ್ಲಿಪ್ಪು, ಬೋರ್ಡು, ನಿಮ್ಮ ಬೆರಳು. ದೊಡ್ಡ ಕಾಂಪೊನೆಂಟ್ ಆದ್ರೆ ಚೀಲ ಹಗುರ, ಬಿಟ್ಟರೂ ನಡೆಯುತ್ತೆ. ಎಸ್‌ಎಂಡಿಯಲ್ಲಿ ಎಷ್ಟೋ ಸಲ ಅಡಿಕೆಗಿಂತ ಚೀಲಾನೇ ಭಾರ.

ಈ ಸರಣಿಯಲ್ಲಿ ನಾನು ಹೇಳ್ತಿರೋದು ಒಂದೇ ಮಾತು. "ನಮ್ಮ ಕಾಲೇಜಲ್ಲಿ ಒಳ್ಳೆ ಮೀಟರ್ ಇಲ್ಲ" ಅನ್ನೋದನ್ನ ಸ್ವಲ್ಪ ದಿನ ಬದಿಗಿಡೋಣ. ಮೊದಲು ಒಂದು ಒಳ್ಳೆ ಟೆಸ್ಟ್ ಫಿಕ್ಸ್ಚರ್, ಅಂದ್ರೆ ಕಾಂಪೊನೆಂಟನ್ನ ಪ್ರತಿ ಸಲ ಒಂದೇ ಥರ ಹಿಡಿಯೋ ಸಾಧನ, ನಮ್ಮ ಕೈಯಾರೆ ಕಟ್ಟೋಣ. ನಮ್ಮ ಲ್ಯಾಬಿನ ಮೊದಲ ಪ್ರಯೋಗ ಅದೇ ಆಗಬೇಕು.

ಯಾಕೆ, ಹೇಗೆ ಅಂತ ಮುಂದೆ ನೋಡೋಣ.

(2/9) ಅಳೆಯೋದಾದ್ರೂ ಯಾಕೆ?

ಯಾಕಂದ್ರೆ ಅದರ ಮೇಲೆ ಏನೂ ಬರೆದಿರೋಲ್ಲ. ಹಳೇ ರೆಸಿಸ್ಟರಿಗೆ ಬಣ್ಣದ ಪಟ್ಟಿ ಇತ್ತು. ಬೋರ್ಡ್ ಮೇಲಿನ ಕಂದು ಬಣ್ಣದ ಸೆರಾಮಿಕ್ ಕೆಪಾಸಿಟರ್ ಮೇಲೆ ಸಾಮಾನ್ಯವಾಗಿ ಒಂದಕ್ಷರಾನೂ ಇರೋಲ್ಲ. 10 ಪಿಕೋಫ್ಯಾರಡ್ದೂ, 10 ನ್ಯಾನೋಫ್ಯಾರಡ್ದೂ ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳ ಹಾಗೆ. ವ್ಯತ್ಯಾಸ ಮಾತ್ರ ಸಾವಿರ ಪಟ್ಟು. ರೀಲ್‌ನಿಂದ ಒಂದು ಸಲ ಹೊರಗೆ ಬಿತ್ತು ಅಂದ್ರೆ ಅದಕ್ಕೆ ಹೆಸರಿಲ್ಲ. ಅಳತೆಯೇ ಅದರ ಹೆಸರು.

ಗಾತ್ರ ನೋಡಿ. 0603 ಅಂದ್ರೆ 1.6 × 0.8 ಮಿಲಿಮೀಟರ್. 0402 ಅಂದ್ರೆ 1.0 × 0.5. ಇದು ರಾಗಿ ಕಾಳಿಗಿಂತ ಚಿಕ್ಕದು. 0201 ಅಂದ್ರೆ 0.6 × 0.3. ಇನ್ನೂ ಕೆಳಗೆ 01005, ಬರೀ 0.4 × 0.2. ಫ್ಯಾನ್ ಹಾಕಿದ್ರೆ ಹಾರಿಹೋಗುತ್ತೆ.

ಇಲ್ಲೊಂದು ಬಲೆ ಇದೆ, ಹುಷಾರು. ಈ ಹೆಸರುಗಳು ಇಂಚಿನ ಲೆಕ್ಕದವು. ಮೆಟ್ರಿಕ್ ಲೆಕ್ಕದಲ್ಲೂ 0603, 0402 ಅನ್ನೋ ಹೆಸರುಗಳಿವೆ, ಆದ್ರೆ ಅವು ಬೇರೆ ಗಾತ್ರ. ಮೆಟ್ರಿಕ್ 0603 ಅಂದ್ರೆ ಇಂಚಿನ 0201. ಮೆಟ್ರಿಕ್ 0402 ಅಂದ್ರೆ ಇಂಚಿನ 01005. ಫಿಕ್ಸ್ಚರಿನ ಪ್ಯಾಡ್ ಬಿಡಿಸೋ ಮುಂಚೆ ಡೇಟಾಶೀಟಲ್ಲಿ ಮಿಲಿಮೀಟರ್ ಓದಿ, ಹೆಸರನ್ನಲ್ಲ.

"ಇದೆಲ್ಲ ಬೆಂಗಳೂರಿನ ಕಂಪನಿಗಳ ಕೆಲಸ" ಅನ್ಬೇಡಿ. ಜಗಳೂರಿನ ಬೋರ್‌ವೆಲ್ ಹತ್ರ ಫೋನ್ ಕಾಲ್‌ಗೆ ಆನ್ ಆಗೋ ಸ್ಟಾರ್ಟರ್ ಇದ್ರೆ ಅದರ ಬೋರ್ಡಲ್ಲಿ ಇದೇ ಕಾಳುಗಳು. ಹೊನ್ನಾಳಿಯ ಮೊಬೈಲ್ ಅಂಗಡಿಗೆ ಬರೋ ಪ್ರತಿ ಫೋನಲ್ಲೂ ಇವೇ. ಬೋರ್ಡ್ ಕೆಟ್ಟಾಗ ಇಡೀ ಬೋರ್ಡ್ ಎಸೆಯೋದಾ, ಒಂದು ಕಾಳು ಬದಲಿಸೋದಾ? ಆ ತೀರ್ಮಾನ ಅಳತೆ ಮೇಲೆ ನಿಂತಿದೆ. ರೈತನ ಜೇಬಿನ ಮೇಲೂ.

(3/9) ಮೊದಲನೇ ಚೀಲ: ಓಪನ್

ಎರಡು ಲೋಹದ ತುಂಡು ಹತ್ತಿರ ಇದ್ದರೆ ಅದೇ ಒಂದು ಕೆಪಾಸಿಟರ್. ನೀವು ಬೇಕು ಅಂದ್ರೂ ಬೇಡ ಅಂದ್ರೂ.

ಲೆಕ್ಕ ಹಾಕಿ: ಸಾಮಾನ್ಯ 1.6 ಮಿಲಿಮೀಟರ್ ದಪ್ಪದ ಎಫ್‌ಆರ್4 ಬೋರ್ಡ್. ಮೇಲೆ 5 × 5 ಮಿಲಿಮೀಟರ್ ಪ್ಯಾಡ್, ಕೆಳಗೆ ಪೂರ್ತಿ ಗ್ರೌಂಡ್ ತಾಮ್ರ. ಅವೆರಡರ ನಡುವೆಯೇ ಸುಮಾರು 0.6 ಪಿಕೋಫ್ಯಾರಡ್ ಆಗುತ್ತೆ. ನೀವು ಅಳೆಯೋಕೆ ಹೊರಟಿದ್ದು ಆಂಟೆನಾ ಹತ್ರ ಕೂರೋ 4.7 ಪಿಕೋಫ್ಯಾರಡ್ ಕೆಪಾಸಿಟರ್ ಅನ್ಕೊಳ್ಳಿ. ಅದರಲ್ಲಿ 0.6 ಸೇರಿಕೊಂಡ್ರೆ ಹತ್ತು ಪರ್ಸೆಂಟಿಗೂ ಮೇಲೆ ಎಡವಟ್ಟು.

ಪರಿಹಾರ ಸುಲಭ: ಕಾಂಪೊನೆಂಟ್ ಇಲ್ಲದೆ ಖಾಲಿ ಫಿಕ್ಸ್ಚರ್ ಅಳೆದು ಆ ನಂಬರ್ ಕಳೆಯೋದು. ಇದನ್ನೇ ಓಪನ್ ಕರೆಕ್ಷನ್ ಅಂತಾರೆ. ಖಾಲಿ ಚೀಲ ತೂಗಿದ ಹಾಗೆ.

ಆದ್ರೆ ಖಾಲಿ ಚೀಲ ತೂಗಿದ ಮೇಲೆ ಬೇರೆ ಚೀಲದಲ್ಲಿ ಅಡಿಕೆ ತುಂಬಿದ್ರೆ? ಎಸ್‌ಎಂಡಿ ಟ್ವೀಜರಲ್ಲಿ ನಾವು ಮಾಡೋದು ಅದೇ. ಟ್ವೀಜರ್ ಅಗಲ ತೆರೆದು ಓಪನ್ ತಗೋತೀವಿ. ಆಮೇಲೆ ಕಾಂಪೊನೆಂಟ್ ಹಿಡಿಯುವಾಗ ತುದಿಗಳು 1 ಮಿಲಿಮೀಟರ್ ಹತ್ತಿರ ಬರ್ತವೆ. ಅಂತರ ಬದಲಾಯ್ತು, ಅಂದ್ರೆ ಚೀಲ ಬದಲಾಯ್ತು. ಆಗ ಕಳೆದಿದ್ದು ಯಾವ ಚೀಲ?

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಈ ಇಡೀ ವಿಷಯದ ಮುಖ್ಯ ಸಾಲು ಇದು: ತಪ್ಪೇ ಮಾಡದ ಫಿಕ್ಸ್ಚರ್ ಅಂತ ಯಾವುದೂ ಇಲ್ಲ. ಪ್ರತಿ ಸಲ ಅಷ್ಟೇ ತಪ್ಪು ಮಾಡೋ ಫಿಕ್ಸ್ಚರ್ ಒಳ್ಳೆಯದು. ಬದಲಾಗದ ತಪ್ಪನ್ನ ಕಳೀಬಹುದು. ಬದಲಾಗೋ ತಪ್ಪನ್ನ ಎಷ್ಟು ಲಕ್ಷದ ಮೀಟರೂ ಕಳೆಯೋಕಾಗೋಲ್ಲ.

(4/9) ಎರಡನೇ ಚೀಲ: ಶಾರ್ಟ್

ಈಗ ಉಲ್ಟಾ ಕೇಸ್. ಕರೆಂಟ್ ಅಳೆಯೋ ಶಂಟ್ ರೆಸಿಸ್ಟರ್, 10 ಮಿಲಿಓಮ್. ಬೋರ್ಡ್ ಮೇಲಿನ ಸಾಮಾನ್ಯ 35 ಮೈಕ್ರಾನ್ ತಾಮ್ರದಲ್ಲಿ 1 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ಉದ್ದದ ಒಂದು ಗೆರೆಯ ರೆಸಿಸ್ಟೆನ್ಸ್ ತಾನೇ ಸುಮಾರು 10 ಮಿಲಿಓಮ್. ಎರಡು ಬದಿಗೆ ಎರಡು ಗೆರೆ. ಮೀಟರ್ 30 ತೋರಿಸುತ್ತೆ. ಅಸಲು ಒಂದು ಪಾಲು, ಚೀಲ ಎರಡು ಪಾಲು!

"ಶಾರ್ಟ್ ಮಾಡಿ ಅಳೆದು 20 ಕಳೆದ್ರಾಯ್ತಲ್ಲ?" ಗೆರೆಗಳದ್ದು ಬದಲಾಗೋಲ್ಲ, ಕಳೀಬಹುದು. ಆದ್ರೆ ಕಾಂಪೊನೆಂಟಿಗೂ ಪ್ಯಾಡಿಗೂ ತಾಗೋ ಜಾಗ ಇದೆಯಲ್ಲ, ಅದರ ರೆಸಿಸ್ಟೆನ್ಸ್ ಒತ್ತಿದಾಗೊಂದು, ಬಿಟ್ಟಾಗೊಂದು. ಅದನ್ನ ಕಳೆಯೋಕೆ ಬರೋಲ್ಲ. ಪಕ್ಕಕ್ಕೆ ಸರಿಸಬೇಕು.

ದಾರಿ 1860ರ ದಶಕದಿಂದಲೇ ಇದೆ. ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ತೋರಿಸಿದ ನಾಲ್ಕು ತುದಿಯ ಅಳತೆ. ಪುಸ್ತಕದ ಚಿತ್ರ ಬಿಡಿ, ಜಗಳೂರಿನ ತೋಟಕ್ಕೆ ಬನ್ನಿ. ಟಿಸಿ ಹತ್ರ ವೋಲ್ಟೇಜ್ ಸರಿ ಇದೆ. ಅರ್ಧ ಕಿಲೋಮೀಟರ್ ವೈರ್ ದಾಟಿ ಮೋಟರಿಗೆ ಬರುವಾಗ ಇಳಿದಿದೆ. ಮೋಟರಿಗೆ ನಿಜವಾಗಿ ಎಷ್ಟು ಸಿಗ್ತಿದೆ ಅಂತ ತಿಳೀಬೇಕಾದ್ರೆ ಲೈನ್‌ಮ್ಯಾನ್ ಟಿಸಿ ಹತ್ರ ಅಳೀತಾನಾ? ಮೋಟರಿನ ಟರ್ಮಿನಲ್ ಮೇಲೇ ಮೀಟರಿನ ಎರಡು ತಂತಿ ಇಡ್ತಾನೆ. ಆ ತಂತಿಯಲ್ಲಿ ಹರಿಯೋ ಕರೆಂಟ್ ಇಲ್ಲ ಅನ್ನೋಷ್ಟು ಕಡಿಮೆ, ಹಾಗಾಗಿ ಅಲ್ಲಿ ಏನೂ ಇಳಿಯೋಲ್ಲ.

ಫಿಕ್ಸ್ಚರಲ್ಲೂ ಅಷ್ಟೇ. ಎರಡು ದಾರಿಯಲ್ಲಿ ಕರೆಂಟ್ ಕೊಡಿ, ಬೇರೆ ಎರಡು ದಾರಿಯಲ್ಲಿ ವೋಲ್ಟೇಜ್ ಓದಿ. ಈ ದಾರಿಗಳು ಕಾಂಪೊನೆಂಟಿನ ಮೈಮೇಲೆಯೇ ಸೇರಬೇಕು, ಅದಕ್ಕೂ ಮುಂಚೆ ಅಲ್ಲ.

(5/9) ಕಟ್ಟೋಣ: ಬೋರ್ಡು

ಸ್ಪ್ರಿಂಗ್ ಇರೋ ಪೋಗೋ ಪಿನ್ ನೋಡಿದ್ದೀರಲ್ಲ? ಜನ ಮೊದಲು ಯೋಚನೆ ಮಾಡೋದು ಅದನ್ನೇ. ಆದ್ರೆ ಪಿ50 ಅನ್ನೋ ಪಿನ್ ದಪ್ಪ 0.68 ಮಿಲಿಮೀಟರ್. 0603 ಕಾಂಪೊನೆಂಟಿನ ಅಗಲ 0.8. ಒಂದೊಂದು ತುದಿಗೆ ಎರಡೆರಡು ಪಿನ್ ಬೇಕು, ಜಾಗ ಇಲ್ಲ. ಅದಕ್ಕೇ ತಾಮ್ರದ ಪ್ಯಾಡನ್ನೇ ಸೀಳೋದು ಜಾಣತನ.

1. ಕಾಂಪೊನೆಂಟಿನ ಎರಡು ತುದಿಗೂ ಪ್ಯಾಡ್ ಬಿಡಿಸಿ. ಪ್ರತಿ ಪ್ಯಾಡನ್ನೂ ನಡುವೆ ಸೀಳಿ ಎರಡು ಭಾಗ ಮಾಡಿ. ಸೀಳು 0.15 ಮಿಲಿಮೀಟರ್ ಇದ್ರೆ ಸಾಕು. ಒಂದು ಭಾಗ ಕರೆಂಟಿಗೆ, ಇನ್ನೊಂದು ವೋಲ್ಟೇಜಿಗೆ.

2. ಪ್ಯಾಡುಗಳ ಕೆಳಗೆ ಗ್ರೌಂಡ್ ತಾಮ್ರ ಬೇಡ, ತೆಗೀರಿ. ಎರಡು ತುದಿಗಳ ನಡುವೆ ಬೋರ್ಡನ್ನೇ ಸೀಳಿಸಿ ಗಾಳಿ ಬಿಡಿ. ಎಫ್‌ಆರ್4ಗಿಂತ ಗಾಳಿಯಲ್ಲಿ ಕೆಪಾಸಿಟೆನ್ಸ್ ನಾಲ್ಕು ಪಟ್ಟಿಗೂ ಕಡಿಮೆ.

3. ಮೀಟರಿಗೆ ಗಾರ್ಡ್ ಟರ್ಮಿನಲ್ ಇದ್ರೆ ಎರಡು ಬದಿಯ ಗೆರೆಗಳ ನಡುವೆ ಒಂದು ಗಾರ್ಡ್ ಗೆರೆ ಎಳೀರಿ. ಗದ್ದೆ ನಡುವೆ ಬದು ಇದ್ದ ಹಾಗೆ: ಸೋರಿದ್ದು ಬದುವಿನ ಪಾಲಿಗೆ ಹೋಗುತ್ತೆ, ಪಕ್ಕದ ಗದ್ದೆಗೆ ಹೋಗೋಲ್ಲ.

4. ಬೋರ್ಡ್ ಮಾಡಿಸುವಾಗ ಚಿನ್ನದ ಲೇಪ, ಅಂದ್ರೆ ಎನಿಗ್ ಫಿನಿಶ್, ಕೇಳಿ. ಸೀಸ-ತವರದ ಲೇಪ ಉಬ್ಬುತಗ್ಗಾಗಿರುತ್ತೆ. ಕಾಂಪೊನೆಂಟ್ ಉಬ್ಬುತಗ್ಗು ನೆಲದ ಮೇಲಿಟ್ಟ ನಾಲ್ಕು ಕಾಲಿನ ಸ್ಟೂಲಿನ ಹಾಗೆ ಅಲ್ಲಾಡುತ್ತೆ, ನಾಲ್ಕನೇ ಪ್ಯಾಡಿಗೆ ತಾಗೋದೇ ಇಲ್ಲ. ಚಿನ್ನ ಸಮತಟ್ಟು, ತುಕ್ಕೂ ಹಿಡಿಯೋಲ್ಲ.

ಮನೆಯಲ್ಲೇ ಫೆರಿಕ್ ಕ್ಲೋರೈಡಲ್ಲಿ ಬೋರ್ಡ್ ಮಾಡೋರು 1206, 0805 ಗಾತ್ರದಿಂದ ಶುರು ಮಾಡಿ. ಅಷ್ಟು ಸಣ್ಣ ಸೀಳು ಮನೆಯಲ್ಲಿ ಕಷ್ಟ. ಆದ್ರೆ ಕಲಿಯೋ ಪಾಠ ಅದೇ.

(6/9) ಕಟ್ಟೋಣ: ಒತ್ತೋದು, ತೊಳೆಯೋದು

ಬೆರಳಲ್ಲಿ ಒತ್ತಬೇಡಿ. ಬೆರಳು ಅಂದ್ರೆ ಉಪ್ಪು, ತೇವ, ಬಿಸಿ, ಮೇಲೊಂದು ಎಕ್ಸ್‌ಟ್ರಾ ಕೆಪಾಸಿಟರ್. ನೈಲಾನ್ ಅಥವಾ ಅಕ್ರಿಲಿಕ್ ಕಡ್ಡಿ, ಅದರ ಹಿಂದೆ ಬಾಲ್‌ಪೆನ್ ಸ್ಪ್ರಿಂಗ್, ಹಿಡಿಯೋಕೆ ಒಂದು ಚೌಕಟ್ಟು. ಇಷ್ಟೇ. ಸ್ಪ್ರಿಂಗ್ ಯಾಕಂದ್ರೆ ಇವತ್ತೂ ನಾಳೆಯೂ ಒಂದೇ ಒತ್ತಡ ಸಿಗಬೇಕು. ನಿಮ್ಮ ಮೂಡ್ ಮೇಲೆ ರೀಡಿಂಗ್ ಬದಲಾಗಬಾರದು.

ಶಾರ್ಟ್ ತಗೊಳ್ಳೋಕೆ ಜೀರೋ ಓಮ್ ಜಂಪರ್ ಇಡೋರಿದ್ದಾರೆ. ಹೆಸರಿಗೆ ಜೀರೋ. ಡೇಟಾಶೀಟ್ ಓದಿದ್ರೆ ಸಾಮಾನ್ಯವಾಗಿ 50 ಮಿಲಿಓಮ್ ವರೆಗೂ ಇರಬಹುದು ಅಂತ ಬರೆದಿರುತ್ತೆ. 10 ಮಿಲಿಓಮ್ ಅಳೆಯೋರಿಗೆ ಅದು ಶಾರ್ಟೇ ಅಲ್ಲ. ಕಾಂಪೊನೆಂಟಿನ ಗಾತ್ರಕ್ಕೇ ಒಂದು ತಾಮ್ರದ ತುಂಡು ಕತ್ತರಿಸಿ, ಅಂಚು ಉಜ್ಜಿ ಇಟ್ಟುಕೊಳ್ಳಿ. 0603 ಗಾತ್ರದ ತಾಮ್ರದ ರೆಸಿಸ್ಟೆನ್ಸ್ 0.1 ಮಿಲಿಓಮಿಗೂ ಕಡಿಮೆ.

ತೊಳೆಯೋಕೆ ಐಪಿಎ, ಅಂದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್. ಇದು ಬರೀ ಶೋಕಿಗಲ್ಲ. 10 ಪಿಕೋಫ್ಯಾರಡ್ ಕೆಪಾಸಿಟರನ್ನ 1 ಕಿಲೋಹರ್ಟ್ಸಲ್ಲಿ ಅಳೆದ್ರೆ ಅದರ ಇಂಪಿಡೆನ್ಸ್ ಸುಮಾರು 16 ಮೆಗಾಓಮ್. ಬೋರ್ಡ್ ಮೇಲೆ ಫ್ಲಕ್ಸ್ ಅಂಟಿದ್ರೆ, ಮಳೆಗಾಲದಲ್ಲಿ ನ್ಯಾಮತಿ ಕಡೆಯ ತೇವ ಸೇರಿದ್ರೆ, ಆ ಕೊಳೆಯೂ ಮೆಗಾಓಮ್ ಲೆಕ್ಕದಲ್ಲಿ ಪಕ್ಕಕ್ಕೆ ಬಂದು ಕೂರುತ್ತೆ. ಸಣ್ಣ ಕೆಪಾಸಿಟರಿಗೆ ನಿಮ್ಮ ಮೀಟರಲ್ಲಿರೋ ಅತಿ ಹೆಚ್ಚಿನ ಫ್ರೀಕ್ವೆನ್ಸಿ ಬಳಸಿ.

ಕೊನೆಗೆ ಸಾಕ್ಷಿ ಬೇಕು. 0.1 ಪರ್ಸೆಂಟ್ ರೆಸಿಸ್ಟರ್ ಒಂದು, ಸಿ0ಜಿ ಜಾತಿಯ 1 ಪರ್ಸೆಂಟ್ ಕೆಪಾಸಿಟರ್ ಒಂದು ಕೊಂಡು ಡಬ್ಬಿಯಲ್ಲಿಡಿ. ಪ್ರತಿ ಸಲ ಅಳೆಯೋಕೆ ಶುರು ಮಾಡೋ ಮುಂಚೆ ಅವನ್ನ ಅಳೀರಿ. ಅಂಗಡಿಯವರು ತಕ್ಕಡಿ ಪರೀಕ್ಷೆಗೆ ಬಟ್ಟು ಇಟ್ಟುಕೊಂಡ ಹಾಗೆ.

(7/9) ಫಿಕ್ಸ್ಚರ್ ಸರಿ ಇದ್ದಮೇಲೆ ಕಾಣೋ ತಮಾಷೆ

ಚೀಲದ ಕಾಟ ಮುಗಿದ ಮೇಲೆ ಕಾಂಪೊನೆಂಟಿನ ಸ್ವಂತ ಗುಣ ಕಾಣೋಕೆ ಶುರುವಾಗುತ್ತೆ.

ಎಕ್ಸ್7ಆರ್ ಜಾತಿಯ ಕೆಪಾಸಿಟರನ್ನ ಹಾಟ್ ಏರ್ ಗನ್ನಲ್ಲಿ ಬಿಚ್ಚಿ ತಕ್ಷಣ ಅಳೀರಿ. ಹೆಚ್ಚು ತೋರಿಸುತ್ತೆ. ಅದರ ಸೆರಾಮಿಕ್ ದಿನ ಕಳೆದ ಹಾಗೆ ನಿಧಾನವಾಗಿ ಕೆಪಾಸಿಟೆನ್ಸ್ ಕಳ್ಕೊಳ್ಳುತ್ತೆ. ಜೋರಾಗಿ ಬಿಸಿ ಮಾಡಿದ್ರೆ ಆ ಲೆಕ್ಕ ಮತ್ತೆ ಮೊದಲಿಂದ ಶುರು. ಬಿಸಿ ಆದಮೇಲೆ 24 ಗಂಟೆ ಬಿಟ್ಟು ಅಳೀಬೇಕು ಅನ್ನೋದು ಅದಕ್ಕೇ. ರಿಪೇರಿ ಅಂಗಡಿಯ ಟೇಬಲ್ ಮೇಲೆ ಬಿಸಿಬಿಸಿಯಾಗಿ ಅಳೆದು "ಚೆನ್ನಾಗಿದೆ" ಅಂತ ವಾಪಸ್ ಹಾಕೋರು ಇದನ್ನ ತಿಳಿದಿರಬೇಕು.

ಇನ್ನೊಂದು: 10 ಮೈಕ್ರೋಫ್ಯಾರಡ್ ಕೆಪಾಸಿಟರನ್ನ ತಯಾರಕರು ಸಾಮಾನ್ಯವಾಗಿ 1 ಕಿಲೋಹರ್ಟ್ಸ್, 1 ವೋಲ್ಟ್ ಕೊಟ್ಟು ಅಳೀತಾರೆ. ಕೈಯಲ್ಲಿ ಹಿಡಿಯೋ ಎಷ್ಟೋ ಮೀಟರುಗಳು ಅಷ್ಟು ವೋಲ್ಟೇಜ್ ಕೊಡೋಲ್ಲ. ನಂಬರ್ ಕಡಿಮೆ ಬರುತ್ತೆ, ನಾವು "ಡೂಪ್ಲಿಕೇಟ್ ಮಾಲು" ಅಂತ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ತೀವಿ. ಅದೇ ಕೆಪಾಸಿಟರ್ ಸರ್ಕ್ಯೂಟಲ್ಲಿ ತನ್ನ ರೇಟಿಂಗಿನ ಡಿಸಿ ವೋಲ್ಟೇಜ್ ಹತ್ರ ಕೆಲಸ ಮಾಡುವಾಗ ಅರ್ಧಕ್ಕೂ ಇಳಿಯಬಹುದು. ಅದು ಕೆಟ್ಟಿಲ್ಲ, ಅದರ ಜಾತಿಯೇ ಹಾಗೆ.

ಇಂಡಕ್ಟರಿಗೆ ಇನ್ನೂ ತಾಳ್ಮೆ ಬೇಕು. ತಂತಿಯ ಪ್ರತಿ ಮಿಲಿಮೀಟರಿಗೂ ಸುಮಾರು 1 ನ್ಯಾನೋಹೆನ್ರಿ ಇರುತ್ತೆ. 5 ಸೆಂಟಿಮೀಟರಿನ ಎರಡು ವೈರ್ ಅಂದ್ರೆ 100. ಅದರ ತುದಿಯಲ್ಲಿ 10 ನ್ಯಾನೋಹೆನ್ರಿ ಹುಡುಕೋದು ಎತ್ತಿನಗಾಡಿ ಸಮೇತ ತೂಗಿ ಕುಂಬಳಕಾಯಿ ತೂಕ ಹೇಳಿದ ಹಾಗೆ. 100 ಕಿಲೋಹರ್ಟ್ಸಲ್ಲಿ ಆ 10 ನ್ಯಾನೋಹೆನ್ರಿ ಬರೀ 6 ಮಿಲಿಓಮ್ ಅಷ್ಟೇ. ಆ ಕೆಲಸಕ್ಕೆ ನ್ಯಾನೋವಿಎನ್‌ಎ ತರಹದ ಸಾಧನ ಬೇಕು. ಅಲ್ಲೂ ಓಪನ್, ಶಾರ್ಟ್, ಜೊತೆಗೆ 50 ಓಮ್ ಲೋಡ್. ಪಾಠ ಅದೇ, ತರಗತಿ ದೊಡ್ಡದು.

(8/9) "ಇಷ್ಟೆಲ್ಲ ಯಾಕ್ರೋ?" ಅನ್ನೋರಿಗೆ

ಮೂರು ಆಕ್ಷೇಪ ಬರುತ್ತೆ, ಗೊತ್ತು.

ಒಂದು: "ಕೆಪಾಸಿಟರ್ ತಾನೇ 10 ಪರ್ಸೆಂಟ್ ಟಾಲರೆನ್ಸ್, ನಿಖರತೆ ಯಾಕೆ?" ತೂಗೋ ಮಾಲು ಹೆಚ್ಚುಕಮ್ಮಿ ಇರಬಹುದು. ತಕ್ಕಡಿಯೂ ಹೆಚ್ಚುಕಮ್ಮಿ ಆದ್ರೆ ಯಾವುದರ ದೋಷ ಯಾವುದು ಅಂತ ಹೇಗೆ ಹೇಳ್ತೀರಿ?

ಎರಡು: "ಕಂಪನಿಯಲ್ಲಿ ಮಷೀನೇ ಅಳೆಯುತ್ತೆ." ಆ ಮಷೀನಿಗೂ ಫಿಕ್ಸ್ಚರ್ ಯಾರೋ ಡಿಸೈನ್ ಮಾಡಿರ್ತಾರೆ. ಬೆಂಗಳೂರಲ್ಲಿ ಐಟಿಐ 1948ರಲ್ಲಿ, ಬಿಇಎಲ್ 1954ರಲ್ಲಿ ಶುರುವಾದವು, ಮೈಸೂರಲ್ಲಿ ಕೇನ್ಸ್ 1988ರಲ್ಲಿ. ಎಲೆಕ್ಟ್ರಾನಿಕ್ಸ್ ತಯಾರಿಸೋ ಜಾಗದಲ್ಲೆಲ್ಲ ಟೆಸ್ಟ್ ಅನ್ನೋದು ಪ್ರತ್ಯೇಕ ಕಸುಬು. ನಮ್ಮ ತಾಲ್ಲೂಕುಗಳ ಹುಡುಗ ಹುಡುಗಿಯರು ಆ ಕಸುಬಿಗೆ "ಆಪರೇಟರ್" ಆಗಿ ಮಾತ್ರ ಯಾಕೆ ಹೋಗಬೇಕು? ಫಿಕ್ಸ್ಚರ್ ಕಟ್ಟೋರಾಗಿ ಹೋಗಬಾರದಾ?

ಮೂರು: "ಇದಕ್ಕೆ ಮಾರ್ಕ್ಸ್ ಇಲ್ಲ." ಇದು ನಿಜವಾದ ಆಕ್ಷೇಪ. ನನ್ನ ಸಿಟ್ಟೂ ಇಲ್ಲೇ ಇರೋದು. ರೆಕಾರ್ಡ್ ಬುಕ್ಕಿನ ಪದ್ಧತಿ ನಮಗೆ ಕಲಿಸಿರೋದು ಏನು? ರೀಡಿಂಗ್ ಥಿಯರಿಗೆ ಹೊಂದಬೇಕು. ಹೊಂದದಿದ್ರೆ ಸೀನಿಯರ್ ರೆಕಾರ್ಡ್ ನೋಡಿ "ಹೊಂದಿಸು". ಹೀಗೆ ಮೂರು ವರ್ಷ, ನಾಲ್ಕು ವರ್ಷ ನಂಬರ್ ಹೊಂದಿಸೋದನ್ನ ಕಲಿತವರು ನಾಳೆ ಆಸ್ಪತ್ರೆಯ ಉಪಕರಣದ ಬೋರ್ಡಿಗೆ "ಪಾಸ್" ಅಂತ ಸಹಿ ಹಾಕ್ತಾರೆ.

ಫಿಕ್ಸ್ಚರ್ ಪ್ರಯೋಗದಲ್ಲಿ ಹೊಂದಿಸೋಕೆ ಆಗೋಲ್ಲ. ನಿಮ್ಮ ಫಿಕ್ಸ್ಚರಿನ ಓಪನ್ ನಂಬರ್ ಸೀನಿಯರ್ ರೆಕಾರ್ಡಲ್ಲಿ ಇರೋಲ್ಲ. ಅದು ನಿಮ್ಮ ಬೋರ್ಡಿಂದು, ನಿಮ್ಮ ಕೈಯಿಂದು. ಒಂದೇ ಕಾಂಪೊನೆಂಟನ್ನ ಹತ್ತು ಸಲ ಇಟ್ಟು ತೆಗೆದು ಹತ್ತೂ ರೀಡಿಂಗ್ ಬರೀರಿ. ಹೆಚ್ಚು ಎಷ್ಟು, ಕಡಿಮೆ ಎಷ್ಟು ಅಂತ ಬರೀರಿ. ಆಮೇಲೆ ಗೆಳತಿಯ ಕೈಗೆ ಕೊಟ್ಟು ಅವಳ ಹತ್ತು ರೀಡಿಂಗ್ ಬರೆಸಿ. ಆ ಇಪ್ಪತ್ತು ನಂಬರ್ ಅಂಕುಡೊಂಕಾಗಿದ್ದರೂ ಪರವಾಗಿಲ್ಲ. ನೀಟಾಗಿ ಹೊಂದಿಸಿದ ಒಂದು ಟೇಬಲ್‌ಗಿಂತ ಅದಕ್ಕೆ ಜಾಸ್ತಿ ಮಾರ್ಕ್ಸ್ ಕೊಡಬೇಕು ಅನ್ನೋದು ನನ್ನ ವಾದ. ಮೇಷ್ಟ್ರುಗಳು ಯಾರಾದ್ರೂ ಓದ್ತಿದ್ರೆ, ದಯವಿಟ್ಟು ಯೋಚನೆ ಮಾಡಿ ಸರ್, ಮೇಡಂ.

(9/9) ನಾಲ್ಕು ಊರು, ಐದು ಕಾಳು

ಕೊನೆಗೊಂದು ಪ್ರಸ್ತಾಪ.

ಐದು ಕಾಂಪೊನೆಂಟ್ ಆರಿಸೋಣ: 0603 ಗಾತ್ರದ 4.7 ಪಿಕೋಫ್ಯಾರಡ್ ಸಿ0ಜಿ, 100 ನ್ಯಾನೋಫ್ಯಾರಡ್ ಎಕ್ಸ್7ಆರ್, 1 ಕಿಲೋಓಮ್ 0.1 ಪರ್ಸೆಂಟ್ ರೆಸಿಸ್ಟರ್, 10 ಮಿಲಿಓಮ್ ಶಂಟ್, ಒಂದು 1 ಮೈಕ್ರೋಹೆನ್ರಿ ಇಂಡಕ್ಟರ್. ಪುಟ್ಟ ಡಬ್ಬಿಯಲ್ಲಿ ಹಾಕಿ ಚನ್ನಗಿರಿಯಿಂದ ಹೊನ್ನಾಳಿಗೆ, ಅಲ್ಲಿಂದ ನ್ಯಾಮತಿಗೆ, ಕೊನೆಗೆ ಜಗಳೂರಿಗೆ. ಬಸ್ಸಲ್ಲಿ ಬಂದು ಹೋಗೋ ಗೆಳೆಯರು ಇದ್ದೇ ಇರ್ತಾರೆ. ಪ್ರತಿ ಊರಲ್ಲೂ ಅವರವರೇ ಕಟ್ಟಿದ ಫಿಕ್ಸ್ಚರಲ್ಲಿ ಅವೇ ಐದನ್ನ ಹತ್ತತ್ತು ಸಲ ಅಳೀಬೇಕು. ಒಬ್ಬರ ನಂಬರ್ ಇನ್ನೊಬ್ಬರಿಗೆ ಮೊದಲೇ ಹೇಳೋ ಹಾಗಿಲ್ಲ. ಡಬ್ಬಿ ಜಗಳೂರು ಮುಟ್ಟಿದ ಮೇಲೆ ಎಲ್ಲ ಒಟ್ಟಿಗೆ ತೆರೆದು ನೋಡೋಣ.

ದೊಡ್ಡ ಕ್ಯಾಲಿಬ್ರೇಷನ್ ಲ್ಯಾಬುಗಳು ತಮ್ಮ ತಮ್ಮೊಳಗೆ ಮಾಡೋದೂ ಇದನ್ನೇ: ಒಂದೇ ವಸ್ತು ಲ್ಯಾಬಿಂದ ಲ್ಯಾಬಿಗೆ ಸುತ್ತುತ್ತೆ, ಎಲ್ಲರ ಅಳತೆ ಪಕ್ಕಪಕ್ಕ ಇಡ್ತಾರೆ. ಅವರಿಗೆ ಅದು ಕೀಳಲ್ಲ ಅಂದಮೇಲೆ ನಮಗೂ ಅಲ್ಲ. ಯಾರ ನಂಬರ್ ದೂರ ಹೋಗಿದೆಯೋ ಅವರನ್ನ ಆಡಿಕೊಳ್ಳೋಕಲ್ಲ ಇದು. ಯಾಕೆ ದೂರ ಹೋಯ್ತು ಅಂತ ಎಲ್ಲರೂ ಕೂತು ಹುಡುಕೋಕೆ. ಒತ್ತಡವಾ, ಕೊಳೆಯಾ, ಶಾರ್ಟ್ ತುಂಡಾ, ಫ್ರೀಕ್ವೆನ್ಸಿಯಾ?

ಮೀಟರ್ ಬೇರೆ ಬೇರೆ ಇರಲಿ, ಅಗ್ಗದ್ದೇ ಇರಲಿ. ಫೋಟೋ ಹಾಕುವಾಗ ಬರೀ ಫಿಕ್ಸ್ಚರ್ ಚಂದ ತೋರಿಸಬೇಡಿ. ಕೆಳಗೆ ಮೂರು ಸಾಲು ಬರೀರಿ: ಓಪನ್ ಎಷ್ಟು, ಶಾರ್ಟ್ ಎಷ್ಟು, ಹತ್ತು ಸಲದಲ್ಲಿ ಎಷ್ಟು ಅಲ್ಲಾಡಿತು.

ಯಾವ ಊರಿಂದ ಯಾರು ಸೇರ್ತೀರಿ, ಹೇಳಿ. ಡಬ್ಬಿ ರೆಡಿ ಮಾಡೋಣ.

#ಟೆಸ್ಟ್‌ಫಿಕ್ಸ್ಚರ್ #ಎಸ್‌ಎಂಡಿ #ಚೀಲಕಳೀರಿ #ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಜಗಳೂರು #ಕನ್ನಡದಲ್ಲಿಎಲೆಕ್ಟ್ರಾನಿಕ್ಸ್